ರೈನ್ ಹಡಗು ಇಳಿದು ಆಲ್ಪ್ಸ್ ರೈಲು ಹತ್ತುವವರಿಗೆ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಮೂರು ವರ್ಷವಾಯಿತು. ಶಿವಮೊಗ್ಗದಲ್ಲಿದ್ದೇವೆ. ಮಗ, ಸೊಸೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾರೆ. ಮುಂದಿನ ವರ್ಷ ಅವರಲ್ಲಿಗೆ ಹೋದಾಗ ಒಂದು ವಾರ ನದಿಯ ಕ್ರೂಸ್ ಮಾಡಿ, ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲನ್ನೂ ನೋಡಿ ಬರಬೇಕೆಂಬ ಆಸೆ. ಏಜೆಂಟರು ಡ್ಯಾನ್ಯೂಬ್ ಕ್ರೂಸ್, ಗ್ಲೇಷಿಯರ್ ಎಕ್ಸ್‌ಪ್ರೆಸ್ ಎರಡೂ ಸೇರಿಸಿ 14 ದಿನದ ಪ್ಯಾಕೇಜ್ ಕೊಡುತ್ತೇವೆ ಅನ್ನುತ್ತಿದ್ದಾರೆ. ನನ್ನ ಹೆಂಡತಿಗೆ ಮಂಡಿನೋವು. ಇಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಯಾವ ನದಿ, ಯಾವ ರೈಲು, ಯಾವ ತಿಂಗಳು, ಯಾವುದು ಮೊದಲು? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಮೊದಲು ನದಿಯ ವಿಷಯ ಮುಗಿಸಿಬಿಡೋಣ. ಡ್ಯಾನ್ಯೂಬ್ ಒಳ್ಳೆಯ ನದಿಯೇ. ವಿಯೆನ್ನಾ, ಬುಡಾಪೆಸ್ಟ್ ಎರಡೂ ನೋಡಲೇಬೇಕಾದ ಊರುಗಳು. ಆದರೆ ನಿಮ್ಮ ಆಸೆಗೆ ಅದು ಹೊಂದುವುದಿಲ್ಲ. ಬುಡಾಪೆಸ್ಟ್‌ನಲ್ಲಿ ಹಡಗು ಇಳಿದು, ವಿಮಾನ ಹಿಡಿದು ಜ್ಯೂರಿಕ್‌ಗೆ ಬಂದು, ಮತ್ತೆ ರೈಲು ಹತ್ತಬೇಕು. ಎರಡು ಬೇರೆ ಬೇರೆ ಪ್ರವಾಸಕ್ಕೆ ಗೋಂದು ಹಚ್ಚಿದ ಹಾಗಾಗುತ್ತದೆ. ನಡುವೆ ಒಂದಿಡೀ ದಿನ ವಿಮಾನ ನಿಲ್ದಾಣದಲ್ಲಿ ಹೋಗುತ್ತದೆ.

ರೈನ್ ಹಾಗಲ್ಲ. ಮಗನ ಮನೆಯಿಂದ ಆಮ್‌ಸ್ಟರ್‌ಡಾಮ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿ ಹತ್ತಿದ ಹಡಗು ಜರ್ಮನಿ ದಾಟಿ, ಫ್ರಾನ್ಸಿನ ಅಂಚು ಸವರಿ, ಎಂಟನೇ ದಿನ ನಿಮ್ಮನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇಳಿಸುತ್ತದೆ. ಆಲ್ಪ್ಸ್ ರೈಲುಗಳಿಗೆ ಅದೇ ಬಾಗಿಲು. ಇನ್ನೊಂದು ಸಂಗತಿಯನ್ನು ಯಾವ ಏಜೆಂಟರೂ ಹೇಳಿದ್ದು ನಾನು ಕೇಳಿಲ್ಲ. ಗ್ಲೇಷಿಯರ್ ಎಕ್ಸ್‌ಪ್ರೆಸ್ ಓಡುವ ಹಳಿ ಬಹಳ ದೂರ ಇದೇ ರೈನ್ ನದಿಯ ಪಕ್ಕದಲ್ಲೇ ಸಾಗುತ್ತದೆ. ಆಮೇಲೆ ನದಿ ಹುಟ್ಟುವ ಓಬರ್‌ಆಲ್ಪ್ ಘಾಟಿಯನ್ನೇ ದಾಟುತ್ತದೆ. ಸಮುದ್ರದ ಹತ್ತಿರ ಹಡಗು ಹತ್ತಿದವರು ನದಿಯನ್ನು ಬಿಡದೆ ಅದರ ಮೂಲದವರೆಗೆ ಹೋಗಬಹುದು. ಶಿವಮೊಗ್ಗದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವುದನ್ನು ನೋಡಿ, ಆಮೇಲೆ ಗಂಗಾಮೂಲಕ್ಕೂ ಹೋಗಿ ಬಂದ ಹಾಗೆ ಇದು. ರೈನ್‌ಗೂ ಒಂದು ಕೂಡಲಿ ಇದೆ, ಮುಂದೆ ಹೇಳುತ್ತೇನೆ.

ಆದ್ದರಿಂದ ನನ್ನ ಸಲಹೆ ಇಷ್ಟು: ರೈನ್ ನದಿ, ಆಮ್‌ಸ್ಟರ್‌ಡಾಮ್‌ನಿಂದ ಬಾಸೆಲ್ ಕಡೆಗೆ. ಮೊದಲು ಹಡಗು, ಆಮೇಲೆ ರೈಲು. ಬಾಸೆಲ್‌ನಿಂದ ಆಮ್‌ಸ್ಟರ್‌ಡಾಮ್‌ಗೆ ಇಳಿಯುವ ಕ್ರೂಸ್‌ಗಳೂ ಇವೆ. ಅವುಗಳಲ್ಲಿ ತಪ್ಪೇನಿಲ್ಲ. ಆದರೆ ಪ್ರವಾಹಕ್ಕೆ ಎದುರಾಗಿ ಹೋಗುವ ಹಡಗು ನಿಧಾನ. ಕೋಟೆಗಳಿರುವ ಕಣಿವೆಯಲ್ಲಿ ಆ ನಿಧಾನವೇ ಬೇಕಾದದ್ದು. ಮೇಲಾಗಿ, ಬೆಂಗಳೂರಿನಿಂದ ಹಾರಿ ಬಂದ ಆಯಾಸವನ್ನು ಮೊದಲು ಮಗನ ಮನೆಯಲ್ಲಿ ಸೊಸೆಯ ಕೈಯ ಸಾರು ಉಂಡು ಕಳೆಯಬಹುದು.

ಏಜೆಂಟರ ಜೊತೆ ಮಾತಾಡುವಾಗ ಒಂದು ಪದದ ಬಗ್ಗೆ ಹುಷಾರಾಗಿರಿ. ನಮ್ಮ ಕಡೆಯ ಗುಂಪು ಪ್ರವಾಸಗಳ ಪಟ್ಟಿಯಲ್ಲಿ 'ರೈನ್ ಕ್ರೂಸ್' ಅಂತ ಇದ್ದರೆ, ಅದು ಎಷ್ಟೋ ಸಲ ಬೊಪ್ಪಾರ್ಡ್ ಮತ್ತು ಸಾಂಕ್ಟ್ ಗೋವರ್ ನಡುವೆ ಒಂದು ಗಂಟೆಯ ದೋಣಿ ಸವಾರಿ, ಅಷ್ಟೇ. ನೀವು ಕೇಳಬೇಕಾದ ಪ್ರಶ್ನೆ: "ಹಡಗಿನಲ್ಲಿ ಎಷ್ಟು ರಾತ್ರಿ ಮಲಗುತ್ತೇವೆ?" ಉತ್ತರ ಏಳು ಎಂದಿದ್ದರೆ ಮಾತ್ರ ಮುಂದಿನ ಮಾತು.

ಈಗ ಹಡಗಿನ ಬಗ್ಗೆ. ಸಮುದ್ರದ ಕ್ರೂಸ್ ಹಡಗಿನ ಚಿತ್ರ ತಲೆಯಲ್ಲಿದ್ದರೆ ತೆಗೆದುಬಿಡಿ. ನದಿ ಹಡಗು ಉದ್ದನೆಯ ಪೆನ್ಸಿಲ್ ಡಬ್ಬಿಯ ಹಾಗಿರುತ್ತದೆ. ರೈನ್ ಮೇಲೆ ಓಡುವ ದೊಡ್ಡ ಹಡಗುಗಳ ಉದ್ದ 135 ಮೀಟರ್, ಅಗಲ ಬರೀ 11.45 ಮೀಟರ್. ಇದಕ್ಕಿಂತ ಅಗಲ ಮಾಡಿದರೆ, ರೈನ್‌ನಿಂದ ಡ್ಯಾನ್ಯೂಬ್‌ಗೆ ಹೋಗುವ ದಾರಿಯ 12 ಮೀಟರ್ ಅಗಲದ ಲಾಕ್‌ಗಳಲ್ಲಿ ತೂರುವುದಿಲ್ಲ. ಲಾಕ್ ಅಂದರೆ ನೀರಿನ ಮೆಟ್ಟಿಲು. ಹಡಗು ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಿ ನೀರು ತುಂಬಿಸುತ್ತಾರೆ. ಹಡಗು ಲಿಫ್ಟಿನಂತೆ ಮೇಲೇರುತ್ತದೆ, ಮುಂದಿನ ಗೇಟು ತೆಗೆಯುತ್ತದೆ. ಇಫೆಜ್‌ಹೈಮ್‌ನಿಂದ ಬಾಸೆಲ್‌ವರೆಗೆ ಇಂಥವು ಹತ್ತು ಇವೆ. ಕೆಲವನ್ನು ರಾತ್ರಿಯಲ್ಲೇ ದಾಟುವುದರಿಂದ, ನಡುರಾತ್ರಿ ಕಿಟಕಿಯ ಹೊರಗೆ ಒಂದು ಅಡಿ ದೂರದಲ್ಲಿ ಒದ್ದೆ ಕಾಂಕ್ರೀಟ್ ಗೋಡೆ ಕಂಡರೆ ಗಾಬರಿಯಾಗಬೇಡಿ.

ನದಿಯಲ್ಲಿ ಅಲೆ ಇಲ್ಲ, ಹೊಟ್ಟೆ ತೊಳಸುವ ಭಯವೂ ಇಲ್ಲ. ಸೇತುವೆಗಳು ತಗ್ಗಾಗಿರುವ ಕಡೆ ಕ್ಯಾಪ್ಟನ್ ಕೂರುವ ಕೋಣೆಯೇ ಸರ್ರನೆ ಕೆಳಗಿಳಿಯುತ್ತದೆ. ಛಾವಣಿಯ ಮೇಲಿನ ಡೆಕ್‌ನಲ್ಲಿ ಕೂತವರಿಗೆ ಆಗ ಕೆಳಗೆ ಹೋಗಿ ಅನ್ನುತ್ತಾರೆ.

ಕ್ಯಾಬಿನ್ ಆರಿಸುವಾಗ ಎಲ್ಲಕ್ಕಿಂತ ಕೆಳಗಿನ ಡೆಕ್ ಬೇಡ. ಅಗ್ಗ ನಿಜ. ಆದರೆ ಅಲ್ಲಿ ಕಿಟಕಿ ಸಣ್ಣದು, ತೆಗೆಯಲು ಬರುವುದಿಲ್ಲ, ಕಣ್ಣಿನ ಮಟ್ಟಕ್ಕೇ ನೀರು. ಅದಕ್ಕಿಂತ ಮುಖ್ಯ, ಎಷ್ಟೋ ಹಡಗುಗಳಲ್ಲಿ ಲಿಫ್ಟ್ ಆ ಡೆಕ್‌ವರೆಗೆ ಇಳಿಯುವುದೇ ಇಲ್ಲ. ಛಾವಣಿಯ ಡೆಕ್‌ಗೂ ಹೋಗುವುದಿಲ್ಲ. ನಿಮ್ಮ ಮನೆಯವರ ಮಂಡಿಗೆ ಮಧ್ಯದ ಡೆಕ್, ಲಿಫ್ಟಿನ ಹತ್ತಿರದ ಕ್ಯಾಬಿನ್ ಸರಿ. ಹಿಂಭಾಗದಲ್ಲಿ ಎಂಜಿನ್ ಸದ್ದು ಇರುತ್ತದೆ, ಅದನ್ನು ತಪ್ಪಿಸಿ. ಬಾಲ್ಕನಿಗೆಂದು ಜಾಸ್ತಿ ದುಡ್ಡು ಕೊಡುವ ಮುನ್ನ ಒಂದು ಮಾತು ತಿಳಿದಿರಲಿ. ದಡದಲ್ಲಿ ಜಾಗ ಸಾಲದೆ ಹಡಗಿನ ಪಕ್ಕಕ್ಕೇ ಇನ್ನೊಂದು ಹಡಗು ಕಟ್ಟುತ್ತಾರೆ. ಆಗ ನಿಮ್ಮ ಬಾಲ್ಕನಿಗೆ ಕಾಣುವುದು ರೈನ್ ಅಲ್ಲ, ಪಕ್ಕದ ಕ್ಯಾಬಿನ್‌ನಲ್ಲಿ ಹಲ್ಲುಜ್ಜುತ್ತಿರುವ ಯಾರೋ ಅಮೆರಿಕನ್ನರು! ದಡಕ್ಕೆ ಇಳಿಯಲು ಆ ಹಡಗಿನೊಳಗೇ ನಡೆದು ಹೋಗಬೇಕು. ಕೆಲವೊಮ್ಮೆ ಮೆಟ್ಟಿಲು ಹತ್ತಿ ಅದರ ಛಾವಣಿಯ ಮೇಲಿಂದ ದಾಟಬೇಕು. ಮಂಡಿಯ ವಿಷಯ ಬುಕಿಂಗ್ ಮಾಡುವಾಗಲೇ ಬರವಣಿಗೆಯಲ್ಲಿ ತಿಳಿಸಿಬಿಡಿ. ಊರು ಸುತ್ತಾಟಕ್ಕೆ ನಿಧಾನವಾಗಿ ನಡೆಯುವವರದೇ ಒಂದು ಗುಂಪನ್ನು ಬಹಳ ಹಡಗುಗಳು ಮಾಡುತ್ತವೆ. ಅದರಲ್ಲಿ ಸೇರಿಕೊಳ್ಳಲು ಸಂಕೋಚ ಬೇಡ. ಆ ಊರುಗಳ ಬೀದಿಗಳಿಗೆ ಉರುಟು ಕಲ್ಲು ಹಾಸಿದೆ, ಮಂಡಿಗೆ ಅದು ಮೆಟ್ಟಿಲಿಗಿಂತ ಕಷ್ಟ. ಮೆತ್ತನೆ ಅಟ್ಟೆಯ ಶೂ ಇರಲಿ.

ದಾರಿಯ ಎಲ್ಲ ಊರುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕಲೋನ್ ಚರ್ಚು ಹಡಗು ನಿಲ್ಲುವ ಜಾಗದಿಂದ ಹೆಚ್ಚು ದೂರವಿಲ್ಲ. 1248ರಲ್ಲಿ ಕಟ್ಟಲು ಶುರು ಮಾಡಿ 1880ರಲ್ಲಿ ಮುಗಿಸಿದ ಕಟ್ಟಡ. ಗೋಪುರ 157 ಮೀಟರ್. ಮೇಲೆ ಹತ್ತಲು 533 ಮೆಟ್ಟಿಲು, ಆ ಸಾಹಸ ಬೇಡ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಸಾಕು. ಸ್ಟ್ರಾಸ್‌ಬುರ್ಗ್‌ನಲ್ಲಿ ನಡೆಯುವ ಬದಲು ಕಾಲುವೆಯ ಸಣ್ಣ ದೋಣಿ ಹತ್ತಿ.

ಆದರೆ ಒಂದು ದಿನವನ್ನು ಮಾತ್ರ ಕ್ಯಾಬಿನ್ ಒಳಗೆ ಕಳೆಯಬೇಡಿ. ಕೋಬ್ಲೆಂಜ್‌ನಿಂದ ರ್‍ಯೂಡೆಸ್‌ಹೈಮ್‌ವರೆಗಿನ ಕಣಿವೆ ಅದು. ಕೋಬ್ಲೆಂಜ್‌ನಿಂದ ಬಿಂಗನ್‌ವರೆಗಿನ ಸುಮಾರು 65 ಕಿಲೋಮೀಟರ್ ದಾರಿ 2002ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಎರಡೂ ಕಡೆ ಕಡಿದಾದ ದ್ರಾಕ್ಷಿ ತೋಟ. ಪ್ರತಿ ತಿರುವಿನಲ್ಲೂ ಒಂದು ಕೋಟೆ. ಹೋಗಿ ಬರುವ ಹಡಗುಗಳಿಂದ ಸುಂಕ ಎತ್ತಲು ಕಟ್ಟಿಸಿದ ಕೋಟೆಗಳೇ ಇದರಲ್ಲಿ ಬಹಳ. ಕೌಬ್ ಎಂಬ ಊರಿನ ಮುಂದೆ ನದಿಯ ನಟ್ಟ ನಡುವೆಯೇ ಒಂದು ಸುಂಕದ ಕೋಟೆ ನಿಂತಿದೆ. ಅದೇ ಒಂದು ಕಲ್ಲಿನ ಹಡಗಿನ ಹಾಗೆ ಕಾಣುತ್ತದೆ.

ಈ ದಿನ ಬೆಳಿಗ್ಗೆ ತಿಂಡಿ ಬೇಗ ಮುಗಿಸಿ ಛಾವಣಿಯ ಡೆಕ್‌ನಲ್ಲಿ ಜಾಗ ಹಿಡಿಯಿರಿ. ಮೆಟ್ಟಿಲು ಕಷ್ಟವಾದರೆ ಮುಂಭಾಗದ ಲೌಂಜ್‌ನಲ್ಲಿ ಗಾಜಿನ ಪಕ್ಕ. ದಡದಲ್ಲಿ ದೊಡ್ಡ ಅಂಕಿ ಬರೆದ ಫಲಕಗಳು ಕಾಣುತ್ತವೆ. ಅವು ನದಿಯ ಕಿಲೋಮೀಟರ್ ಕಲ್ಲುಗಳು. ಕಾನ್ಸ್ಟಾನ್ಸ್ ಊರಿನ ಸೇತುವೆಯನ್ನು ಸೊನ್ನೆ ಎಂದು ಹಿಡಿದು ಎಣಿಸಿದ್ದಾರೆ. ನೀವು ಮೇಲಕ್ಕೆ ಹೋಗುತ್ತಿರುವುದರಿಂದ ಅಂಕಿ ಇಳಿಯುತ್ತಾ ಬರುತ್ತದೆ. ಕೋಬ್ಲೆಂಜ್‌ನಲ್ಲಿ ಮೊಸೆಲ್ ನದಿ ಬಂದು ಸೇರುವ ಮೂಲೆ 592. 554ರ ಹತ್ತಿರ ಎಡಗಡೆ ನೋಡಿ, ನೀರಿನಿಂದ ನೆಟ್ಟಗೆ ಎದ್ದ ಬಂಡೆ, 132 ಮೀಟರ್. ಅದೇ ಲೋರೆಲೈ. ಬಂಡೆಯ ಮೇಲೆ ಕೂತು ತಲೆ ಬಾಚುತ್ತಾ ಹಾಡುವ ಹೆಣ್ಣೊಬ್ಬಳನ್ನು ನೋಡುತ್ತಾ ಮೈಮರೆತು ಅಂಬಿಗರು ಮುಳುಗುತ್ತಿದ್ದರಂತೆ. ಅಸಲು ಕಾರಣ, ಅಲ್ಲಿ ನದಿ ಕಿರಿದಾಗುತ್ತದೆ, ತಿರುವಿದೆ, ಸೆಳೆತ ಜೋರು, ಬಂಡೆಗಳೂ ಇವೆ. ಇಂದಿಗೂ ಆ ತಿರುವಿನಲ್ಲಿ ಹಡಗುಗಳಿಗೆ ದೀಪದ ಸಿಗ್ನಲ್ ಇಟ್ಟಿದ್ದಾರೆ.

ಕೌಬ್ ಹೆಸರನ್ನು ಬರೆದಿಟ್ಟುಕೊಳ್ಳಿ. ಯಾವ ತಿಂಗಳು ಹೋಗಬೇಕು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ ಊರಿನ ನೀರಿನ ಅಳತೆ ಕಂಬದಲ್ಲಿದೆ. ಆಮ್‌ಸ್ಟರ್‌ಡಾಮ್‌ನಿಂದ ಬಾಸೆಲ್‌ವರೆಗೆ ಹೋಗುವ ಹಡಗಿಗೆ ಅತಿ ಆಳವಿಲ್ಲದ ಜಾಗ ಅದು. ಮಧ್ಯ ರೈನ್‌ನಲ್ಲಿ ಲಾಕ್ ಆಗಲಿ ಅಣೆಕಟ್ಟಾಗಲಿ ಇಲ್ಲ. ಮಳೆ ಬರಬೇಕು, ಇಲ್ಲವೇ ಆಲ್ಪ್ಸ್ ಹಿಮ ಕರಗಬೇಕು. 2018ರ ಅಕ್ಟೋಬರ್‌ನಲ್ಲಿ ಕೌಬ್ ಕಂಬ 25 ಸೆಂಟಿಮೀಟರ್ ತೋರಿಸಿತು. ಹಾಗಂತ ನದಿಯಲ್ಲಿ ಪಾದ ಮುಳುಗುವಷ್ಟೇ ನೀರು ಅಂತಲ್ಲ. ಹಡಗಿನ ದಾರಿಯ ಆಳಕ್ಕೆ ಅದರ ಮೇಲೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಸೇರಿಸಿಕೊಳ್ಳಬೇಕು. ಆದರೂ ಪ್ರಯಾಣಿಕರ ಹಡಗಿಗೆ ಅದು ಸಾಲದು. 2022ರ ಆಗಸ್ಟ್‌ನಲ್ಲೂ ಹೆಚ್ಚು ಕಡಿಮೆ ಅದೇ ಕಥೆ.

2018ರ ಆ ವಾರ ನಾನೇ ಒಂದು ಹಡಗಿನಲ್ಲಿದ್ದೆ. ಹಡಗು ಕಲೋನ್ ದಾಟಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿಗೆ ಹತ್ತಿಸಿ, ಮೂರು ಗಂಟೆ ಕೂರಿಸಿ, ಕೋಟೆ ತೋರಿಸಿ, ರಾತ್ರಿ ವಾಪಸ್ ತರುತ್ತಿದ್ದರು. ತೇಲುವ ಲಾಡ್ಜ್‌ಗೆ ಕ್ರೂಸಿನ ದುಡ್ಡು ಕೊಟ್ಟಂತಾಯಿತು. ಕಂಪನಿಯ ಹೆಸರು ಬೇಡ. ಕೇಳಿದಾಗ ಕರಾರಿನ ಸಣ್ಣಕ್ಷರದ ಸಾಲು ತೋರಿಸಿದರು. ನೀರಿನ ಮಟ್ಟದಿಂದ ದಾರಿ ಬದಲಾದರೆ ತಾವು ಹೊಣೆಯಲ್ಲ ಎಂದು ಅದರಲ್ಲಿ ಬರೆದೇ ಇತ್ತು. ಬ್ಯಾಂಕಿನಲ್ಲಿದ್ದವರಿಗೆ ಸಣ್ಣಕ್ಷರ ಓದಲು ನಾನು ಕಲಿಸಬೇಕಿಲ್ಲ, ಅಲ್ವಾ? ಹಾಗಾಗಿ ಮೊದಲು ಆ ಸಾಲನ್ನೇ ಹುಡುಕಿ.

ಚಳಿಗಾಲ, ವಸಂತದಲ್ಲಿ ಉಲ್ಟಾ ತೊಂದರೆ. ನೀರು ಜಾಸ್ತಿಯಾದರೆ ಹಡಗು ಸೇತುವೆಯ ಕೆಳಗೆ ತೂರುವುದಿಲ್ಲ. ಇವೆರಡರ ನಡುವೆ ಒಳ್ಳೆಯ ಕಿಂಡಿ ಅಂದರೆ ಜೂನ್. ಮೇಲೆ ಹಿಮ ಕರಗಿ ನದಿಗೆ ನೀರು ಬರುತ್ತಿರುತ್ತದೆ, ರಾತ್ರಿ ಒಂಬತ್ತೂವರೆಗೂ ಬೆಳಕು, ಬೆಟ್ಟದ ಮೇಲೆ ಹೂವು. ಅಕ್ಟೋಬರ್‌ಗೆ ಇನ್ನೊಂದು ತಕರಾರಿದೆ. ತಿಂಗಳ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಗ್ಲೇಷಿಯರ್ ಎಕ್ಸ್‌ಪ್ರೆಸ್ ಓಡುವುದೇ ಇಲ್ಲ. ಜೂನ್ ಎರಡನೇ ವಾರ ಹಡಗು ಹತ್ತುವ ಹಾಗೆ ನೋಡಿ.

ಬಾಸೆಲ್‌ನಲ್ಲಿ ಹಡಗು ಯಾಕೆ ನಿಲ್ಲುತ್ತದೆ ಎಂದರೆ, ಅಲ್ಲಿಂದ ಸ್ವಲ್ಪ ಮುಂದಕ್ಕೆ ದೊಡ್ಡ ಹಡಗುಗಳ ದಾರಿಯೇ ಮುಗಿಯುತ್ತದೆ. ಇನ್ನೂ ಮೇಲೆ ಶಾಫ್‌ಹೌಸನ್ ಹತ್ತಿರ ರೈನ್ ಜಲಪಾತ ಇದೆ. ಎಲ್ಲ ಪ್ಯಾಕೇಜಿನಲ್ಲೂ ಅದನ್ನು ತುರುಕುತ್ತಾರೆ. ಅಗಲ 150 ಮೀಟರ್, ಎತ್ತರ 23 ಮೀಟರ್. ಜೋಗದ ಜಿಲ್ಲೆಯವರು ಅದಕ್ಕಾಗಿ ಅರ್ಧ ದಿನ ಕಳೆಯಬೇಕೆ? ನಾನಾದರೆ ಬಿಟ್ಟುಬಿಡುತ್ತೇನೆ.

ಈಗ ರೈಲು. ಇಲ್ಲಿ ನನ್ನ ಅಭಿಪ್ರಾಯ ಏಜೆಂಟರ ಅಭಿಪ್ರಾಯಕ್ಕಿಂತ ಬೇರೆ. ಗ್ಲೇಷಿಯರ್ ಎಕ್ಸ್‌ಪ್ರೆಸ್ 1930ರಲ್ಲಿ ಶುರುವಾಯಿತು. ಸಾಂಕ್ಟ್ ಮೋರಿಟ್ಸ್‌ನಿಂದ ಜೆರ್ಮಾಟ್‌ವರೆಗೆ 291 ಕಿಲೋಮೀಟರ್, ಸುಮಾರು ಎಂಟು ಗಂಟೆ, 91 ಸುರಂಗ, 291 ಸೇತುವೆ. ಜಗತ್ತಿನ ಅತಿ ನಿಧಾನದ ಎಕ್ಸ್‌ಪ್ರೆಸ್ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಛಾವಣಿಯವರೆಗೆ ಗಾಜು, ಸೀಟಿಗೇ ಊಟ. ಎಲ್ಲ ಸರಿ. ಆದರೆ ಆ ಗಾಜು ತೆಗೆಯಲು ಬರುವುದಿಲ್ಲ, ಫೋಟೋ ತೆಗೆದರೆ ನಿಮ್ಮದೇ ಮುಖದ ನೆರಳು ಬೀಳುತ್ತದೆ. ಎಂಟು ಗಂಟೆ ಮಂಡಿ ಮಡಚಿ ಕೂರಬೇಕು. ಎಲ್ಲಕ್ಕಿಂತ ಬೇಸರದ ಸಂಗತಿ, ರೈನ್ ಹುಟ್ಟುವ ಘಾಟಿಯಲ್ಲಿ ನಿಮ್ಮನ್ನು ಇಳಿಯಲು ಬಿಡದೆ ಹಾಗೇ ದಾಟಿಸಿಬಿಡುತ್ತದೆ.

ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ, ಹೆಚ್ಚು ಕಡಿಮೆ ಗಂಟೆಗೊಂದು. ನೋಟ ಒಂದೇ. ಸೀಟು ರಿಸರ್ವೇಶನ್ ಬೇಡ, ಬೇಕಾದಲ್ಲಿ ಇಳಿದು ಮುಂದಿನ ರೈಲು ಹತ್ತಬಹುದು. ಕೆಲವು ಬೋಗಿಗಳಲ್ಲಿ ಕಿಟಕಿ ತೆಗೆಯಲೂ ಬರುತ್ತದೆ. ಎಂಟು ಗಂಟೆಯ ದಾರಿಯನ್ನು ತುಂಡು ಮಾಡಿ, ನಡುವೆ ಮಲಗೆದ್ದು ಹೋಗಬಹುದು. ಹಡಗು ಇಳಿದ ಮೇಲೆ ಸ್ವಿಟ್ಜರ್ಲೆಂಡಿಗೆ ಐದು ರಾತ್ರಿ ಇಡಿ. ಅವನ್ನು ನಾನು ಹೀಗೆ ಹಂಚುತ್ತೇನೆ: ಪೊಂಟ್ರೆಸಿನಾ ಎರಡು, ಆಂಡರ್‌ಮಾಟ್ ಒಂದು, ಜೆರ್ಮಾಟ್ ಎರಡು.

ಹಡಗು ಇಳಿದ ದಿನ ಬಾಸೆಲ್ ನಿಲ್ದಾಣಕ್ಕೆ ಟ್ಯಾಕ್ಸಿ ಮಾಡಿ. ಅಲ್ಲಿಂದ ಕೂರ್ ಊರಿಗೆ ರೈಲು, ಅಲ್ಲಿ ಕೆಂಪು ಬಣ್ಣದ ಸಣ್ಣ ಹಳಿಯ ರೈಲಿಗೆ ಬದಲಾಯಿಸಿ. ಇದು ಆಲ್ಬುಲಾ ದಾರಿ. ಫಿಲಿಸೂರ್ ಹತ್ತಿರ ಲಾಂಡ್‌ವಾಸರ್ ಸೇತುವೆ ಬರುತ್ತದೆ. 65 ಮೀಟರ್ ಎತ್ತರದ ಕಲ್ಲಿನ ಕಂಬಗಳ ಮೇಲೆ ರೈಲು ಬಾಗುತ್ತಾ ಹೋಗಿ, ಕಡಿದಾದ ಬಂಡೆಯ ಮುಖದಲ್ಲಿರುವ ಸುರಂಗಕ್ಕೆ ನೇರವಾಗಿ ನುಗ್ಗುತ್ತದೆ. ಇಂಥ ತಿರುವಿನಲ್ಲಿ ಕೊನೆಯ ಬೋಗಿಯಲ್ಲಿ ಕೂತವರಿಗೆ ತಮ್ಮ ರೈಲೇ ಕಾಣುತ್ತದೆ. ಪೊಂಟ್ರೆಸಿನಾ ಯಾಕೆ ಅಂದರೆ, ಪಕ್ಕದ ಸಾಂಕ್ಟ್ ಮೋರಿಟ್ಸ್ ಸಿರಿವಂತರ ಊರು. ನಾವು ಮಲಗುವುದಕ್ಕೆ ಅಷ್ಟು ಕೊಡಬೇಕಿಲ್ಲ.

ಮಾರನೇ ದಿನ ಸಾಮಾನು ಹೋಟೆಲಿನಲ್ಲೇ ಬಿಟ್ಟು ಬೆರ್ನಿನಾ ದಾರಿಯಲ್ಲಿ ಇಟಲಿಯ ತಿರಾನೊಗೆ ಹೋಗಿ ಬನ್ನಿ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಎರಡರಲ್ಲಿ ಒಂದೇ ರೈಲು ದಾರಿ ಆರಿಸು ಅಂದರೆ ನಾನು ಗ್ಲೇಷಿಯರ್ ಬಿಟ್ಟು ಇದನ್ನೇ ಹಿಡಿಯುತ್ತೇನೆ. 1910ರಲ್ಲಿ ಪೂರ್ತಿಯಾದ ದಾರಿ. ಆಲ್ಬುಲಾ ಮತ್ತು ಬೆರ್ನಿನಾ ಸೇರಿ 2008ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದವು. 2253 ಮೀಟರ್ ಎತ್ತರದ ಓಸ್ಪಿಜಿಯೊ ಬೆರ್ನಿನಾದಿಂದ 429 ಮೀಟರಿನ ತಿರಾನೊಗೆ ಇಳಿಯುತ್ತದೆ. ಏರು ಕೆಲವೆಡೆ ಸಾವಿರಕ್ಕೆ 70, ಅಂದರೆ 14 ಅಡಿ ಹೋದರೆ ಒಂದು ಅಡಿ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಅದು 50ಕ್ಕೆ ಒಂದು. ಅಷ್ಟಕ್ಕೇ ಅಲ್ಲಿ ಹಿಂದೆ ಮುಂದೆ ಎಂಜಿನ್ ಕಟ್ಟುತ್ತಾರೆ. ಇಲ್ಲಿ ಹಲ್ಲಿನ ಹಳಿಯೂ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುವ ನಡುವಿನ ಹಳಿ) ಇಲ್ಲದೆ, ಬರೀ ಚಕ್ರದ ಹಿಡಿತದಲ್ಲೇ ಹತ್ತುತ್ತದೆ.

ಘಾಟಿಯ ನೆತ್ತಿಯಲ್ಲಿ ಪಕ್ಕಪಕ್ಕದಲ್ಲೇ ಎರಡು ಕೆರೆ. ಒಂದರ ಹೆಸರು ಕಪ್ಪು ಕೆರೆ, ಇನ್ನೊಂದು ಬಿಳಿ ಕೆರೆ. ಕಪ್ಪು ಕೆರೆಯ ನೀರು ಇನ್ ನದಿಗೆ, ಅಲ್ಲಿಂದ ಡ್ಯಾನ್ಯೂಬ್‌ಗೆ, ಕೊನೆಗೆ ಕಪ್ಪು ಸಮುದ್ರಕ್ಕೆ. ಬಿಳಿ ಕೆರೆಯದು ಇಟಲಿಯ ಕಡೆಗೆ, ಏಡ್ರಿಯಾಟಿಕ್ ಸಮುದ್ರಕ್ಕೆ. ನೋಡಿ, ಏಜೆಂಟರ ಡ್ಯಾನ್ಯೂಬ್ ಕೂಡ ನಿಮಗೆ ಇಲ್ಲಿ ಒಂದು ಬೊಗಸೆ ಸಿಕ್ಕಿತು! ಆಲ್ಪ್ ಗ್ರ್ಯೂಮ್ ನಿಲ್ದಾಣದಲ್ಲಿ ಇಳಿದು ಒಂದು ಕಾಫಿ ಕುಡಿಯಿರಿ. ಎದುರಿಗೇ ಹಿಮನದಿ, ನಡೆಯುವ ಕೆಲಸವೇ ಇಲ್ಲ. ಇನ್ನೂ ಕೆಳಗೆ ಬ್ರೂಸಿಯೊದಲ್ಲಿ ನಿಧಾನವಾಗಿ ಇಳಿಯಲು ಜಾಗ ಸಾಲದೆ, ಬಯಲಿನಲ್ಲೇ ಒಂಬತ್ತು ಕಮಾನಿನ ಸೇತುವೆ ಕಟ್ಟಿ ರೈಲನ್ನು ಒಂದು ಸುತ್ತು ಸುತ್ತಿಸಿದ್ದಾರೆ. ಚಕ್ಕುಲಿ ಒತ್ತಿದ ಹಾಗೆ. ತಿರಾನೊದಲ್ಲಿ ಊಟ ಮಾಡಿ ವಾಪಸ್ ಬನ್ನಿ.

ಮೂರನೇ ದಿನ ರೈನ್ ಮೂಲಕ್ಕೆ. ಸಮೇದಾನ್‌ನಲ್ಲಿ ರೈಲು ಬದಲಾಯಿಸಿ, ಮತ್ತೆ ಆಲ್ಬುಲಾ ಇಳಿದು ಕೂರ್‌ಗೆ ಬನ್ನಿ. ಅಲ್ಲಿಂದ ಡಿಸೆಂಟಿಸ್ ರೈಲು. ಹೊರಟ ಸ್ವಲ್ಪ ಹೊತ್ತಿಗೆ ರೈಶನಾವ್ ಬರುತ್ತದೆ. ನಾನು ಹೇಳಿದ ಕೂಡಲಿ ಇದೇ. ಹಿಂದಿನ ರೈನ್, ಮುಂದಿನ ರೈನ್ ಎಂಬ ಎರಡು ಹೊಳೆಗಳು ಇಲ್ಲಿ ಸೇರಿ ಒಂದಾಗುತ್ತವೆ. ಗುಡಿ, ಮಠ ಏನಿಲ್ಲ, ಸುಮ್ನೆ ಎರಡು ಬಣ್ಣದ ನೀರು. ರೈಲು ಮುಂದಿನ ರೈನ್ ಹಿಡಿದು ಮೇಲಕ್ಕೆ ಹೋಗುತ್ತದೆ. ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಫ್ಲಿಮ್ಸ್ ಬಳಿ ಒಂದು ಬೆಟ್ಟವೇ ಕುಸಿದು ಕಣಿವೆ ಮುಚ್ಚಿತ್ತು. ನದಿ ಆ ರಾಶಿಯನ್ನು ಕೊರೆದು ಬಿಳಿ ಗೋಡೆಗಳ ಕಮರಿ ಮಾಡಿಕೊಂಡಿದೆ. ರೈಲು ಹೋಗುವುದು ಅದರ ತಳದಲ್ಲೇ. ಕಲೋನ್‌ನಲ್ಲಿ ನೂರು ಮೀಟರ್‌ಗಳ ಹಡಗುಗಳನ್ನು ಹೊತ್ತ ನದಿ ಇಲ್ಲಿ ಕಲ್ಲುಗಳ ಮೇಲೆ ಹಾರುವ ಹಸಿರು ಹಳ್ಳ. ರೈಲಿನಲ್ಲಿ ನಿಲ್ದಾಣದ ಹೆಸರನ್ನು ನಿಮಗೆ ಪರಿಚಯವಿಲ್ಲದ ಒಂದು ಭಾಷೆಯಲ್ಲಿ ಕೂಗಬಹುದು. ಅದು ರೊಮಾನ್ಶ್, ಆ ದೇಶದ ನಾಲ್ಕನೇ ರಾಷ್ಟ್ರಭಾಷೆ. ಆಡುವವರು ನಮ್ಮ ಒಂದು ತಾಲ್ಲೂಕಿನಷ್ಟು ಜನರೂ ಇಲ್ಲ.

ಡಿಸೆಂಟಿಸ್‌ನಲ್ಲಿ ರೈಲು ಬದಲಾಯಿಸಿ. ಇಲ್ಲಿಂದ ಹಲ್ಲಿನ ಹಳಿ ಶುರು. ಊಟಿ ರೈಲಿನಲ್ಲಿ ಕೂತಿದ್ದರೆ ಆ ಕಟಕಟ ನಿಮಗೆ ಹೊಸದಲ್ಲ. ಹೊಸದಾಗಿರಲು ಸಾಧ್ಯವೂ ಇಲ್ಲ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವ ಹಳಿಯ ಹಲ್ಲೂ ಈ ಹಲ್ಲೂ ಒಂದೇ ಜಾತಿ. ಎರಡೂ ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರ್ ಮಾಡಿದ ವಿನ್ಯಾಸ. ಊಟಿಯ ಹಳೆಯ ಉಗಿಬಂಡಿಗಳೂ ಇದೇ ದೇಶದ ವಿಂಟರ್‌ಟೂರ್‌ನಲ್ಲಿ ತಯಾರಾದವು.

ಓಬರ್‌ಆಲ್ಪ್ ನಿಲ್ದಾಣ 2033 ಮೀಟರ್ ಎತ್ತರದಲ್ಲಿದೆ. ಇಳಿಯಿರಿ. ಸುತ್ತ ಬೋಳು ಬೆಟ್ಟ, ಜೂನ್‌ನಲ್ಲೂ ಅಲ್ಲಲ್ಲಿ ಹಿಮ, ಒಂದು ಕೆರೆ. ಅದರ ನಡುವೆ ಒಂದು ಕೆಂಪು ದೀಪಸ್ತಂಭ! ಸಮುದ್ರದಲ್ಲಿ ಹಡಗಿಗೆ ದಾರಿ ತೋರಿಸುವಂಥದ್ದೇ. ರೈನ್ ಸಮುದ್ರ ಸೇರುವ ಕಡೆ, ನೆದರ್ಲೆಂಡ್ಸ್‌ನ ಹುಕ್ ವಾನ್ ಹೊಲೆಂಡ್ ಎಂಬಲ್ಲಿದ್ದ ದೀಪಸ್ತಂಭದ ನಕಲನ್ನು ಮಾಡಿ ನದಿಯ ಮೂಲದಲ್ಲಿ ನಿಲ್ಲಿಸಿದ್ದಾರೆ. ನಿಲ್ದಾಣದಿಂದ ನಾಲ್ಕು ಹೆಜ್ಜೆ, ಮಂಡಿಗೆ ತೊಂದರೆಯಿಲ್ಲ. ಅಸಲಿ ಮೂಲ ಎನ್ನುವ ತೋಮಾ ಕೆರೆ ಇನ್ನೂ ಮೇಲೆ, 2345 ಮೀಟರಿನಲ್ಲಿದೆ. ಕಲ್ಲು ದಾರಿಯಲ್ಲಿ ಒಂದೂವರೆ ಗಂಟೆ ಹತ್ತಬೇಕು. ಅದು ಬೇಡ. ನೆದರ್ಲೆಂಡ್ಸ್‌ನಿಂದ ಹೊರಟವರಿಗೆ ದೀಪಸ್ತಂಭವೇ ಸಾಕು. ಮುಂದಿನ ರೈಲಿನಲ್ಲಿ ಆಂಡರ್‌ಮಾಟ್‌ಗೆ ಇಳಿದು ಮಲಗಿ.

ಅಲ್ಲಿಂದ ಜೆರ್ಮಾಟ್ ಮೂರು ಗಂಟೆಯ ಆಸುಪಾಸು. ಹೆಸರು ಕೇಳಿದ ರೈಲಿನಲ್ಲಿ ಒಮ್ಮೆ ಕೂರಬೇಕೆಂಬ ಆಸೆ ನಿಮ್ಮ ಮನೆಯವರಿಗಿದ್ದರೆ, ಈ ತುಂಡಿಗೆ ಮಾತ್ರ ಗ್ಲೇಷಿಯರ್ ಎಕ್ಸ್‌ಪ್ರೆಸ್ ಸೀಟು ಹಿಡಿಯಿರಿ. ಆಸೆಯೂ ತೀರುತ್ತದೆ, ಬೆನ್ನೂ ಉಳಿಯುತ್ತದೆ. ಅದಕ್ಕೆ ರಿಸರ್ವೇಶನ್ ಕಡ್ಡಾಯ. ಈ ದಾರಿಯಲ್ಲಿ 15 ಕಿಲೋಮೀಟರಿನ ಫುರ್ಕಾ ಸುರಂಗವೂ ಬರುತ್ತದೆ. 1982ರಲ್ಲಿ ಅದು ತೆರೆದ ಮೇಲೆಯೇ ಚಳಿಗಾಲದಲ್ಲೂ ಈ ದಾರಿಯಲ್ಲಿ ರೈಲು ಓಡುವಂತಾದದ್ದು. ಜೆರ್ಮಾಟ್‌ನಲ್ಲಿ ಕಾರು ಬಿಡುವುದಿಲ್ಲ, ಬ್ಯಾಟರಿ ಗಾಡಿಗಳಿವೆ.

ಪ್ರವಾಸಿಗರೆಲ್ಲ ರೈಲಿನಲ್ಲಿ ಹತ್ತುವ ಇನ್ನೊಂದು ಹಿಮಬೆಟ್ಟ ಯುಂಗ್‌ಫ್ರಾವ್ ಬಿಡಬಹುದೇ ಎಂದು ನೀವು ಕೇಳಿಲ್ಲ. ಆದರೆ ನೆಂಟರು ಕೇಳುತ್ತಾರೆ. ಬಿಡಿ. ಜೆರ್ಮಾಟ್‌ನಿಂದ ಗೋರ್ನರ್‌ಗ್ರಾಟ್ ರೈಲು 1898ರಿಂದ ಓಡುತ್ತಿದೆ. ಅರ್ಧ ಗಂಟೆ ದಾಟುವಷ್ಟರಲ್ಲಿ 3089 ಮೀಟರಿಗೆ ಒಯ್ಯುತ್ತದೆ. ಮ್ಯಾಟರ್‌ಹಾರ್ನ್ ಶಿಖರ ಎದುರಿಗೇ ನಿಂತಿರುತ್ತದೆ. ಯುಂಗ್‌ಫ್ರಾವ್ ರೈಲು ಕೊನೆಯ ಏರಿನಲ್ಲಿ ಬಹುಪಾಲು ಸುರಂಗದೊಳಗೇ ಹೋಗುತ್ತದೆ, ಇದು ಬಯಲಿನಲ್ಲಿ ಹತ್ತುತ್ತದೆ. ಎತ್ತರದಲ್ಲಿ ಸ್ವಲ್ಪ ಏದುಸಿರು ಬರುತ್ತದೆ, ನಿಧಾನವಾಗಿ ನಡೆಯಿರಿ. ಬಿ.ಪಿ. ಅಥವಾ ಹೃದಯದ ಮಾತ್ರೆ ನುಂಗುವವರಾದರೆ ಹೊರಡುವ ಮುನ್ನ ಡಾಕ್ಟರಲ್ಲಿ ಒಂದು ಮಾತು ಕೇಳಿ. ಮೇಲೆ ಹೋಗುವ ದಿನವನ್ನು ಮೊದಲೇ ಗೊತ್ತು ಮಾಡಬೇಡಿ. ಬೆಳಿಗ್ಗೆ ಕಿಟಕಿಯಿಂದ ಆಕಾಶ ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ. ಎರಡು ರಾತ್ರಿ ಇಟ್ಟದ್ದು ಅದಕ್ಕೇ.

ಬಾಸೆಲ್‌ನಿಂದ ಜ್ಯೂರಿಕ್ ವಿಮಾನ ನಿಲ್ದಾಣದವರೆಗೆ ಒಟ್ಟು ಆರು ದಿನ. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ಆರು ದಿನದ್ದೇ ಒಂದಿದೆ. ತಿರಾನೊವರೆಗೂ ನಡೆಯುತ್ತದೆ, ಗೋರ್ನರ್‌ಗ್ರಾಟ್‌ಗೆ ಅರ್ಧ ದರ. ನಿಮ್ಮ ಹಾಗೆ ದಿನಾ ರೈಲು ಹತ್ತುವವರಿಗೆ ಬಿಡಿ ಟಿಕೆಟ್‌ಗಿಂತ ಅದೇ ವಾಸಿ. ದೊಡ್ಡ ಪೆಟ್ಟಿಗೆಯನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಕಳಿಸುವ ವ್ಯವಸ್ಥೆಯೂ ಇದೆ. ಬಾಸೆಲ್‌ನಲ್ಲೇ ಜೆರ್ಮಾಟ್‌ಗೆ ಹಾಕಿಬಿಟ್ಟರೆ ನಡುವಿನ ದಿನಗಳಿಗೆ ಬೆನ್ನಿನ ಚೀಲ ಸಾಕು.

ವೀಸಾ ಯಾವ ದೇಶದ್ದು? ಈ ದೇಶಗಳಿಗೆಲ್ಲ ಒಂದೇ ಆದ ಷೆಂಗೆನ್ ವೀಸಾದ ನಿಯಮದಂತೆ ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ. ಹಡಗಿನ ಏಳು ರಾತ್ರಿ ನಾಲ್ಕು ದೇಶಗಳಿಗೆ ಹಂಚಿಹೋಗುತ್ತದೆ. ಮಗನ ಮನೆಯಲ್ಲಿ ಒಂದು ವಾರ ಇದ್ದರೆ ನೆದರ್ಲೆಂಡ್ಸ್‌ನದೇ ಜಾಸ್ತಿ. ಅಲ್ಲಿಗೇ ಅರ್ಜಿ ಹಾಕಿ. ಆರು ತಿಂಗಳ ಮುಂಚೆಯೇ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಪ್ಯಾಕೇಜ್ ಆಗಿ ತೆಗೆದುಕೊಂಡರೆ ಟಿ.ಸಿ.ಎಸ್. (ಏಜೆಂಟರೇ ಮೊದಲೇ ಸಂಗ್ರಹಿಸುವ ಆದಾಯ ತೆರಿಗೆ) ವಸೂಲಾಗುತ್ತದೆ. ರಿಟರ್ನ್ಸ್‌ನಲ್ಲಿ ಕೇಳಿ ಪಡೆಯುವುದನ್ನು ಮರೆಯಬೇಡಿ.

ಕೊನೆಗೆ ಹೊಟ್ಟೆಯ ಮಾತು. ಯುರೋಪಿನಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿಯೇ ಲೆಕ್ಕ. ಸೂಪಿಗೆ ಮಾಂಸದ ರಸ ಹಾಕಿರಬಹುದು. ಚೀಸ್ ಹೆಪ್ಪಿಗೆ ಕರುವಿನ ಹೊಟ್ಟೆಯ ರೆನೆಟ್ ಬಳಸುವುದೂ ಉಂಟು. ಹಡಗಿನವರಿಗೆ ಬುಕಿಂಗ್ ಸಮಯದಲ್ಲೇ ಬರೆಯಿರಿ, ಹತ್ತಿದ ದಿನ ಅಡುಗೆಯ ಮುಖ್ಯಸ್ಥರನ್ನು ಕಂಡು ಇನ್ನೊಮ್ಮೆ ಹೇಳಿ. ಹಡಗಿನಲ್ಲಿ ಇದು ಸುಲಭ, ಒಂದೇ ಅಡುಗೆಮನೆ, ಎರಡನೇ ದಿನಕ್ಕೆ ನಿಮ್ಮ ಮುಖ ಅವರಿಗೆ ಗುರುತಾಗುತ್ತದೆ. ಬೆಟ್ಟದ ಮೇಲೆ ನೀವೇ ಕೇಳಬೇಕು. ಈ ಮೂರು ಜರ್ಮನ್ ಮಾತು ಕಲಿತಿರಿ: "ಓನೆ ಫ್ಲೈಶ್, ಓನೆ ಫಿಶ್, ಓನೆ ಐ". ಮಾಂಸ, ಮೀನು, ಮೊಟ್ಟೆ ಇಲ್ಲದೆ ಎಂದು ಅರ್ಥ. ಆಲೂಗಡ್ಡೆ ತುರಿದು ಹುರಿದ ರೋಸ್ಟಿ ಎಲ್ಲ ಕಡೆ ಸಿಗುತ್ತದೆ, ಹಂದಿಮಾಂಸದ ತುಂಡು ಹಾಕಬೇಡಿ ಎನ್ನಿ. ತಿರಾನೊದಲ್ಲಿ ಪಿಜ್ಜೋಕೆರಿ ಕೇಳಿ. ಹುರುಳಿಯಂತೆ ಕಂದು ಬಣ್ಣದ ಬಕ್‌ವೀಟ್ ಹಿಟ್ಟಿನ ಶ್ಯಾವಿಗೆಗೆ ಆಲೂಗಡ್ಡೆ, ಕೋಸು, ಬೆಣ್ಣೆ, ಚೀಸ್. ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ, ಆದರೂ ಒಮ್ಮೆ ಕೇಳಿ.

ಮನೆಯಿಂದ ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆ ಒಯ್ಯಿರಿ. ಮಗನಿಗೆಂದು ಮಲೆನಾಡಿನ ತುಪ್ಪದ ಡಬ್ಬಿ ಮಾತ್ರ ಬೇಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಸ್ಕಿಪೋಲ್ ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಎಷ್ಟೋ ಅಮ್ಮಂದಿರ ತುಪ್ಪ ಹೋಗಿದೆ.